ಕಾಕಾನ ದನಿಯಲ್ಲಿ ಮನಿಪಟ್ಟಿ

ಒಂದು ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ನನಗೊಂದು ಪ್ರಶ್ನೆ ಬಂದಿತ್ತು: ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಸರ್ಕಾರವು ತನ್ನ ವೆಚ್ಚಕ್ಕೆ ಹಣ ಹೊಂದಿಸಿಕೊಳ್ಳುವ ಬಗೆಗಳನ್ನು ವಿವರಿಸಿ.’ ಹತ್ತು ಅಂಕ. ಬೈಲಹೊಂಗಲದ ಕ್ಲಾಸಿನ ಮಾಸ್ತರರು ಬರೆಸಿದ್ದೆಲ್ಲ ಬಾಯಿಪಾಠವಿತ್ತು. ತೆರಿಗೆ, ತೆರಿಗೆಯಲ್ಲದ ಆದಾಯ, ಅನುದಾನ, ಸಾಲ, ಏನೂ ಇಲ್ಲದಿದ್ದರೆ ನೋಟು ಅಚ್ಚು ಹಾಕುವುದು. ಐದನ್ನೂ ಬರೆದೆ. ಮಾಸ್ತರರ ದನಿಯಲ್ಲೇ ಮನಸ್ಸಿನೊಳಗೆ ಹೇಳಿಕೊಳ್ಳುತ್ತ ಬರೆದದ್ದರಿಂದ, ಅವರು ಪ್ರತಿ ಮಾತಿನ ಕೊನೆಗೆ ಹಚ್ಚುವ ‘ತಿಳೀತಲ್ಲ?’ ಎಂಬುದೂ ಎರಡು ಕಡೆ ಉತ್ತರಪತ್ರಿಕೆಯೊಳಗೆ ಬಿದ್ದುಬಿಟ್ಟಿತು. ತಿದ್ದಿದವರಿಗೆ ತಿಳಿದಂತೆ ಕಾಣಲಿಲ್ಲ. ನಾನು ಪಾಸಾಗಲಿಲ್ಲ.

ಅದೇ ಪ್ರಶ್ನೆ ಇನ್ನೊಮ್ಮೆ ಬಂದರೆ ನಮ್ಮ ಕಾಕಾನ ಕತೆ ಬರೆದು ಎದ್ದು ಬರುತ್ತೇನೆ.

ನಮ್ಮೂರು ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಅರ್ಧ ಬಸ್ಸಿಗೆ ಟಿಕೆಟ್ ಕೊಟ್ಟು ಮುಗಿಸುವಷ್ಟರಲ್ಲಿ ಬರುತ್ತದೆ. ಮನೆತನ ಪೌರೋಹಿತ್ಯದ್ದು. ಅಜ್ಜ ಪಂಚಾಂಗ ಗುಣಿಸುತ್ತಿದ್ದರು. ಅಪ್ಪ ಸಾಲಿ ಮಾಸ್ತರರಾಗಿ ರಾಮದುರ್ಗದ ಕಡೆ ಹೋದರು. ಅಪ್ಪನ ತಮ್ಮ ಕಾಕಾ ಮಾತ್ರ ಊರಲ್ಲಿ ಉಳಿದು ಎರಡು ಕೆಲಸ ಹಿಡಿದರು. ಬೆಳಿಗ್ಗೆ ಹತ್ತರತನಕ ಸತ್ಯನಾರಾಯಣ ಪೂಜೆ, ವಾಸ್ತುಶಾಂತಿ. ಹತ್ತೂವರೆಯಿಂದ ಗ್ರಾಮ ಪಂಚಾಯತಿಯ ಬಿಲ್ ಕಲೆಕ್ಟರ್, ಅಂದರೆ ಮನಿಪಟ್ಟಿ ಎಂಬ ಮನೆ ಕಂದಾಯ ವಸೂಲಿ ಮಾಡುವವರು. ನಾನು ಓದುವ ನೆಪ ಹೇಳಿಕೊಂಡು ಅವರ ಮನೆಯಲ್ಲಿದ್ದೇನೆ. ನನ್ನ ಕೆಲಸ ಅವರ ಚೀಲ ಹಿಡಿಯುವುದು ಮತ್ತು ಅವರ ಹೆಂಡತಿ ಕಾಕು ಮಾಡಿದ ಅವಲಕ್ಕಿ ಖಾಲಿ ಮಾಡುವುದು.

ಎರಡೂ ಕೆಲಸಕ್ಕೆ ಕಾಕಾ ಅದೇ ಓಣಿಗಳಲ್ಲಿ, ಅದೇ ಧೋತರದಲ್ಲಿ, ಅದೇ ಚೀಲ ಹಾಕಿಕೊಂಡು ತಿರುಗಬೇಕು. ಬೆಳಿಗ್ಗೆ ಎಂಟಕ್ಕೆ ಹೋದರೆ ‘ಬರ್ರಿ ಆಚಾರ್ರ, ಕುಂದರ್ರಿ’ ಎಂದು ಮಣೆ ಹಾಕಿದ ಮನೆಯೇ ಹನ್ನೊಂದಕ್ಕೆ ಹೋದಾಗ ಒಳಗಿನಿಂದ ‘ಯಾರೂ ಇಲ್ರಿ’ ಎನ್ನುತ್ತದೆ. ನಮ್ಮ ವಂಶದಲ್ಲಿ ಯಾರೂ ಬಾಯಿಬಿಟ್ಟು ಕೇಳಿದವರಲ್ಲ. ಕೊಟ್ಟಷ್ಟು ಕಣ್ಣಿಗೊತ್ತಿಕೊಂಡು ಬಂದವರು. ಹೀಗಾಗಿ ಕಾಕಾ ಮನಿಪಟ್ಟಿ ವಸೂಲಿಗೆ ಹೋದರೂ ಮೊದಲು ಮೊಮ್ಮಕ್ಕಳ ಕೆಮ್ಮು ವಿಚಾರಿಸುತ್ತಾರೆ, ಆಮೇಲೆ ಎಮ್ಮೆಯದು. ಚಹಾ ಕುಡಿದು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು, ಅರ್ಧ ತಿರುಗಿ, ಗೋಡೆಗೆ ಹೇಳಿದಂತೆ ‘ಅಂದಂಗ… ಪಟ್ಟೀದು… ನೋಡ್ರಿ…’ ಎನ್ನುತ್ತಾರೆ. ಗೋಡೆ ನೋಡುತ್ತದೆ. ಮನೆಯವರು ನೋಡುವುದಿಲ್ಲ.

ನನಗೆ ಇನ್ನೊಂದು ಚಟ ಇದೆ. ಎಲ್ಲರ ದನಿ ತೆಗೆಯುತ್ತೇನೆ. ಕಂಡಕ್ಟರ್, ಹಿಟ್ಟಿನ ಗಿರಣಿ, ಬೆಳಗಾವಿಯ ಡಾಕ್ಟರ್, ನಮ್ಮ ಕಾಕು, ಕಾಕು ಸಾಕಿದ ಬೆಕ್ಕು. ಸಣ್ಣವನಿದ್ದಾಗಿನಿಂದ ಇದನ್ನೇ ಮಾಡುತ್ತ ಬಂದು, ನನ್ನ ಸ್ವಂತ ದನಿ ಯಾವುದೆಂದು ನನಗೂ ಖಾತ್ರಿಯಿಲ್ಲ. ಊರಲ್ಲಿ ನೆಟ್ಟಗೆ ಮಾತಾಡಿದರೆ ‘ಇವತ್ತ ಯಾರದು ತಗದಾನ ಇಂವಾ?’ ಎಂದು ಕೇಳುತ್ತಾರೆ.

ಇದು ಮಾರ್ಚ್ ತಿಂಗಳ ಕೊನೆಯ ವಾರದ ಮಾತು. ಸೋಮವಾರ ಬೆಳಿಗ್ಗೆ ಪಂಚಾಯತಿ ಬಾಗಿಲು ತೆರೆದು ಕಾಕಾ ಇನ್ನೂ ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದರು. ಊರಿನ ವಾಟರ್‌ಮನ್ ಬಂದ. ಐವತ್ತರ ಆಸುಪಾಸಿನವನು. ನಳಕ್ಕೆ ನೀರು ಬಿಡುವ ವಾಲ್ವ್ ತಿರುಗಿಸಲು ಒಂದು ಉದ್ದನೆಯ ಕಬ್ಬಿಣದ ಚಾವಿ ಇರುತ್ತದೆ, ಅದನ್ನು ನೇಗಿಲಿನ ಹಾಗೆ ಹೆಗಲಮೇಲೆ ಹೊತ್ತು ತಿರುಗುತ್ತಾನೆ. ನಮ್ಮೂರ ವಾಲ್ವುಗಳಿಗೆ ಒಂದೊಂದಕ್ಕೆ ಒಂದೊಂದು ಗುಣ. ಒಂದು ಎಡಕ್ಕೆ ತಿರುಗುತ್ತದೆ, ಇನ್ನೊಂದನ್ನು ಮೊದಲು ಬಲಕ್ಕೆ ಅರ್ಧ ತಿರುವಿ ರಮಿಸಬೇಕು, ಮೂರನೆಯದಕ್ಕೆ ಕಲ್ಲಿನಿಂದ ಎರಡು ಏಟು ಬೇಕು. ಯಾವುದಕ್ಕೆ ಏನೆಂಬುದು ಅವನ ಕೈಗೆ ಬಿಟ್ಟರೆ ಯಾರ ಕೈಗೂ ಗೊತ್ತಿಲ್ಲ.

ಅವನು ಚಾವಿಯನ್ನು ಕಾಕಾನ ಟೇಬಲ್ ಮೇಲೆ ಅಡ್ಡಲಾಗಿ ಇಟ್ಟ.

“ಆಚಾರ್ರ, ಮೂರು ತಿಂಗಳ ಪಗಾರ ಆಗಿಲ್ಲ. ಶುಕ್ರವಾರ ಸಂಜಿತನಕ ನೋಡತೇನಿ, ನೀರ ಬಿಡೂ ಹೊತ್ತಿಗೆ ಚಾವಿ ಒಯ್ದು ಮತ್ತ ಇಲ್ಲೇ ತಂದ ಇಡತೇನಿ. ಬಂತಂದ್ರ ಚಾವಿ ನನ್ನ ಹೆಗಲಮ್ಯಾಲೆ. ಬರಲಿಲ್ಲಂದ್ರ ಚಾವಿ ಇಲ್ಲೇ, ನಾ ಯರಗಟ್ಟ್ಯಾಗ.”

“ಯರಗಟ್ಟ್ಯಾಗ ಏನದೋ?”

“ಶೇಂಗಾ ಗೋದಾಮು ಐತ್ರಿ. ಕಾಯಾಕ ಮಂದಿ ಬೇಕಂತ.”

“ಇಪ್ಪತ್ತು ವರ್ಷ ನೀರ ಬಿಟ್ಟಾಂವಾ ಶೇಂಗಾ ಕಾಯತೀಯೇನು?”

“ಶೇಂಗಾ ಮುಂಜಾನೆದ್ದು ನೀರ ಬರಲಿಲ್ಲಂತ ಬಾಗಲಾ ಬಡಿಯೂದಿಲ್ರಿ ಆಚಾರ್ರ.”

ಕಾಕಾ ಚಾವಿಯನ್ನು ಸರಿಸಿ ಊದಿನಕಡ್ಡಿಯ ಬೂದಿ ಅದರ ಮೇಲೆ ಬೀಳದಂತೆ ನೋಡಿಕೊಂಡರು. ಅಷ್ಟರಲ್ಲಿ ಪಿಡಿಒ ಮೇಡಮ್ ಬಂದರು. ಪಂಚಾಯತಿ ನಡೆಸುವ ಅಧಿಕಾರಿ ಅವರೇ. ಮಂಡ್ಯದ ಕಡೆಯವರು. ಬಂದ ಹೊಸದರಲ್ಲಿ ನಮ್ಮವರು ‘ಬರ್ರಿ’ ಎಂದರೆ ಜಗಳಕ್ಕೆ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರಂತೆ. ಚಾವಿ ನೋಡಿ ಅವರಿಗೆ ಎಲ್ಲ ತಿಳಿಯಿತು.

“ನೋಡಿ, ನಮ್ಮತ್ರ ಮೂರು ಡಬ್ಬ ಇದೆ ಅನ್ಕೊಳಿ,” ಎಂದರು. “ಡೆಲ್ಲಿಯಿಂದ ಬರೋದೊಂದು, ಬೆಂಗಳೂರಿಂದ ಬರೋದೊಂದು. ಅವೆರಡಕ್ಕೂ ಬೀಗ ಹಾಕೇ ಕಳಿಸ್ತಾರೆ. ಇದಕ್ಕೆ ಖರ್ಚು ಮಾಡಿ, ಅದಕ್ಕೆ ಮಾಡ್ಬೇಡಿ ಅಂತ. ಚರಂಡಿ ಕಟ್ಟು ಅಂದ್ರೆ ಚರಂಡೀನೇ ಕಟ್ಬೇಕು. ಮೂರನೇದು ನಮ್ಮ ಸ್ವಂತದ್ದು. ಇವ್ರ ಸಂಬಳದಲ್ಲಿ ಪಂಚಾಯ್ತಿ ಪಾಲು ಅಂತ ಇದೆಯಲ್ಲ, ಅದು ಅಲ್ಲಿಂದ್ಲೇ ಬರ್ಬೇಕು. ಆ ಡಬ್ಬದಲ್ಲಿ ಏನಿತ್ತು ಹೇಳಿ?”

“ಏನಿತ್ತರೀ?” ಎಂದೆ.

“ಹುಣಸೆಹಣ್ಣು. ಕೆರೆ ದಂಡೆ ಮರಗಳ ಹರಾಜಿನ ದುಡ್ಡು. ಅದೂ ಪಂಪ್‌ಸೆಟ್ ಕರೆಂಟ್ ಬಿಲ್ಲಿಗೆ ಹೋಯ್ತು.”

ನನ್ನ ಪರೀಕ್ಷೆಯ ಓದು ಒಮ್ಮೆಲೇ ಎದ್ದು ಕೂತಿತು. “ಮೇಡಮ್‌ರ, ಸಾಲ ತಗೀಬಹುದಲ್ರೀ? ಪುಸ್ತಕದಾಗ ಅದ.”

“ಯಾರ್ ಕೊಡ್ತಾರೆ?”

“ಹಂಗಾರ ನೋಟು ಅಚ್ಚು ಹಾಕೂದು.”

“ಝೆರಾಕ್ಸ್ ಮಷೀನೇ ಕೆಟ್ಟಿದೆ,” ಎಂದರು ಮೇಡಮ್. “ಉಳಿದಿರೋದು ಮನೆ ಕಂದಾಯ ಒಂದೇ. ಊರಲ್ಲಿ ಬಾಕಿ ಇರೋದ್ರಲ್ಲಿ ಅರ್ಧ ಬಂದ್ರೂ ಇವ್ರು ಉಳ್ಕೊತಾರೆ.” ಎಲ್ಲರೂ ಕಾಕಾನ ಮುಖ ನೋಡಿದೆವು. ಕಾಕಾ ಪಂಚಾಂಗ ನೋಡಿದರು.

ಮಂಗಳವಾರ ಹೊರಟೆವು. ಕಾಕಾನ ಕೈಯಲ್ಲಿ ರಸೀದಿ ಮುದ್ರಿಸುವ ಸಣ್ಣ ಮಷೀನು, ನನ್ನ ಕೈಯಲ್ಲಿ ಚೀಲ. ಮೊದಲನೆಯ ಮನೆಯ ಯಜಮಾನ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಕಡ್ಡಿ ಆಡಿಸುತ್ತಿದ್ದ. ಎಮ್ಮೆಯ ಆರೋಗ್ಯದ ವಿಚಾರ ಮುಗಿದು ಕಾಕಾ ಗೋಡೆಯ ಕಡೆ ತಿರುಗಿ ‘ಅಂದಂಗ’ ಎನ್ನುವುದರೊಳಗೆ ಅವನೇ ಕೈ ಮುಗಿದ.

“ಆಚಾರ್ರ, ಇವತ್ತ ಮಂಗಳವಾರ.”

“ಹೌದು.”

“ಮಂಗಳವಾರ ಶುಕ್ರವಾರ ಲಕ್ಷ್ಮಿ ಹೊಸ್ತಿಲಾ ದಾಟಬಾರದು ಅಂತ ನೀವ ಹೇಳೀರಿ. ನಮ್ಮ ವಾಸ್ತುಶಾಂತಿ ದಿನ. ಇಲ್ಲೇ ಕುಂತು.”

ಕಾಕಾ ಸುಳ್ಳು ಹೇಳುವವರಲ್ಲ. ಹೇಳಿದ್ದು ನಿಜ. ಆ ಮನೆಯಲ್ಲಿ ಮಾತ್ರವಲ್ಲ, ಇಪ್ಪತ್ತು ವರ್ಷದಿಂದ ಊರಿನ ಪ್ರತಿ ಮನೆಯ ಪ್ರತಿ ಪೂಜೆಯ ಕೊನೆಗೆ, ದಕ್ಷಿಣೆ ಉಡಿಯಲ್ಲಿ ಹಾಕಿಕೊಂಡ ಮೇಲೆ, ಇದೊಂದು ಮಾತು ಹೇಳಿಯೇ ಎದ್ದಿದ್ದರು. ಊರು ಬೇರೆ ಏನನ್ನು ಮರೆತಿದ್ದರೂ ಇದನ್ನು ಮರೆತಿರಲಿಲ್ಲ. ಎರಡನೆಯ ಮನೆಯಲ್ಲಿ ಅದೇ ಮಾತು, ಮೂರನೆಯದರಲ್ಲೂ ಅದೇ. ನಾಲ್ಕನೆಯ ಮನೆಯ ಹೆಂಗಸು ಬಾಗಿಲು ಕೂಡ ತೆರೆಯದೆ ಕಿಡಕಿಯಿಂದ, “ಆಚಾರ್ರ, ನಿಮ್ಮ ಮಾತು ಮೀರೂದಿಲ್ರಿ ನಾವು,” ಎಂದು ಭಕ್ತಿಯಿಂದ ಹೇಳಿದಳು. ಮಂಗಳವಾರ ಇಡೀ ಊರು ಧರ್ಮದಿಂದ ನಡೆದುಕೊಂಡಿತು. ಒಂದು ರೂಪಾಯಿ ಬರಲಿಲ್ಲ.

“ಕಾಕಾ, ಸರ್ಕಾರಕ್ಕ ಎಷ್ಟು ನುಕ್ಸಾನ ಮಾಡೀರಿ ನೀವು ಒಬ್ಬರ!” ಎಂದೆ ಮನೆಗೆ ಬರುವಾಗ.

“ಬಾಯಿ ಮುಚ್ಚು, ಮಂಗ್ಯಾ.”

ಬುಧವಾರ ಲಕ್ಷ್ಮಿಗೆ ತೊಂದರೆಯಿರಲಿಲ್ಲ. ಆದರೆ ಹನ್ನೆರಡರಿಂದ ಒಂದೂವರೆತನಕ ರಾಹುಕಾಲ. ಅದೂ ಕಾಕಾನೇ ಕಲಿಸಿದ್ದು. ಸಂಜೆಗೆ ‘ದೀಪ ಹಚ್ಚೇವ್ರಿ’. ನಡುವೆ ಸಿಕ್ಕ ಹೊತ್ತಿನಲ್ಲಿ ಮೂರ್ನಾಲ್ಕು ಮನೆ ಕೊಟ್ಟವು. ಆಮೇಲೆ ಹನುಮಂತ ದೇವರ ಗುಡಿ ಮೂಲೆಯಲ್ಲಿ, ಊರೆಲ್ಲ ಆಯಿ ಎನ್ನುವ ಮುದುಕಿಯ ಮನೆಗೆ ಹೋದೆವು. ಆಯಿ ಜೋಳ ಹಸನು ಮಾಡುತ್ತಿದ್ದಳು. ಮೊರ ಇಳಿಸದೆ ಕೇಳಿದಳು: “ಆ ಚೀಟ್ಯಾಗ ಏನೇನ ಬರದಾರ, ಎಲ್ಲಾ ಓದ. ಒಂದೂ ನುಂಗಬ್ಯಾಡ.”

ನಾನು ಓದಿದೆ. “ಮನಿಪಟ್ಟಿ. ನೀರಿನ ಪಟ್ಟಿ. ಬೀದಿ ದೀಪದ್ದು. ಆರೋಗ್ಯ ಕರ. ಗ್ರಂಥಾಲಯ ಕರ. ಭಿಕ್ಷುಕರ ಕರ.”

“ತಡಿ. ಗ್ರಂಥಾಲಯ ಅಂದ್ರ ಪುಸ್ತಕದ್ದಲ್ಲ? ನನಗ ಓದಾಕ ಎಲ್ಲಿ ಬರತೈತಿ?”

“ನಾ ಹೋಗಿ ಓದತೀನಲ್ಲ ಆಯಿ.”

“ನೀ ಓದಿ ಏನ ಕಡದು ಕಟ್ಟಿ ಹಾಕೀದಿ?”

ಪರೀಕ್ಷೆಯ ಸುದ್ದಿ ಅಲ್ಲಿಗೂ ಹೋಗಿತ್ತು. ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ.

“ಕಡೀಕ ಏನಂದಿ?”

“ಭಿಕ್ಷುಕರ ಕರ.”

ಆಯಿ ಮೊರ ಕೆಳಗಿಟ್ಟಳು. “ನಮ್ಮೂರಾಗ ಭಿಕ್ಷುಕರು ಯಾರದಾರ? ವರ್ಷಾ ವರ್ಷಾ ಅವರ ಸಲುವಾಗಿ ರೊಕ್ಕಾ ಇಸಕೋತೀರಿ ಅಂದಮ್ಯಾಲೆ ಒಮ್ಮೆರೆ ಕರಕೊಂಡ ಬಂದು ತೋರಸ್ರಿ. ನನ್ನ ಕೈಯಾರೆ ಬಿಸಿ ರೊಟ್ಟಿ ಕೊಡತೇನಿ. ನಡುವ ನೀವ ಯಾಕ?”

ಕಾಕಾ ಸಮಾಧಾನದಿಂದ ತಿಳಿಸಿದರು. ಎಲ್ಲ ಊರಿನ ಕರ ಕೂಡಿಸಿ, ನಿರ್ಗತಿಕರನ್ನು ಒಂದು ಕಡೆ ಇಟ್ಟು ಸರ್ಕಾರ ಊಟ ಹಾಕುತ್ತದೆ, ಹೀಗಾಗಿ ಯಾರೂ ಮನೆಮನೆ ತಿರುಗುವ ಪ್ರಸಂಗ ಬರುವುದಿಲ್ಲ ಎಂದರು. ಆಯಿ ಪೂರ್ತಿ ಕೇಳಿದಳು. ಆಮೇಲೆ ಕಾಕಾನ ಚೀಲ ನೋಡಿದಳು.

“ಹಂಗಾರ ನಿನ್ನೆ ಮುಂಜಾನಿಂದ ಬಾಗಲಾ ಬಾಗಲಾ ತಿರಗಾಕ ಹತ್ತಿದವರು ಯಾರ್ರಿ ಇವರು?”

ನಾನು ನಗಬಾರದಾಗಿತ್ತು. ನಕ್ಕೆ. ಕಾಕಾ ನಗಲಿಲ್ಲ. ಉಳಿದ ಓಣಿ ಪೂರ್ತಿ ಅವರು ಗೋಡೆಯನ್ನು ಬಿಟ್ಟು ಮನುಷ್ಯರ ಮುಖ ನೋಡಿಯೇ ಮಾತಾಡಿದರು. ಭಿಕ್ಷುಕರ ಕರಕ್ಕೂ ಭಿಕ್ಷೆಗೂ ಏನು ಭೇದ, ದಾನಕ್ಕೂ ದೇಣಿಗೆಗೂ ಏನು ಭೇದ ಎಂದು ಮನೆಮನೆಯಲ್ಲೂ ಶಾಸ್ತ್ರ ಬಿಡಿಸಿದರು. ‘ಕೊಡ್ರಿ’ ಎಂಬ ಒಂದು ಶಬ್ದ ಬಿಟ್ಟು ಉಳಿದೆಲ್ಲ ಶಬ್ದ ಬಳಸಿದರು. ಗುರುವಾರ ಬೆಳಿಗ್ಗೆ ಏಳುವಾಗ ಗಂಟಲು ಪೂರ್ತಿ ಕೂತಿತ್ತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಇದೇ ದಿನ ಮೇಡಮ್ ಹೊಸ ಉಪಾಯ ಹುಡುಕಿದ್ದರು. ಪಂಚಾಯತಿಯ ಕಸದ ಗಾಡಿಗೆ ಮೈಕ್ ಇದೆ. ಅದರಲ್ಲಿ ಕಾಕಾ ಕೂತು, ಬಾಕಿ ಇರುವ ಮನೆಗಳ ನಂಬರನ್ನು ಓಣಿ ಓಣಿಗೆ ಓದಬೇಕು. ಹೆಸರು ಬೇಡ, ನಂಬರ್ ಸಾಕು. ಊರಿಗೆಲ್ಲ ನಂಬರ್ ಗೊತ್ತು. ಕಾಕು ಕಷಾಯದ ಲೋಟ ಹಿಡಿದು ಅಡ್ಡ ನಿಂತಳು. “ಇವರು ಇವತ್ತ ಬಾಯಿ ತಗಿಯೂದಿಲ್ಲ.” ಕಾಕಾ ಸನ್ನೆ ಮಾಡಿ ನನ್ನನ್ನು ತೋರಿಸಿದರು. ಮತ್ತೆ ಬೆರಳೆತ್ತಿ, ಬರೀ ಗಾಳಿಯಲ್ಲಿ, “ನಿನ್ನ ದನಿಲೆ,” ಎಂದರು. “ನಿನ್ನ ದನಿಲೆ ಓದು. ಆಟ ಬ್ಯಾಡ.”

ದೇವರಾಣೆ, ನಾನು ನನ್ನ ದನಿಯಲ್ಲೇ ಶುರುಮಾಡಿದೆ. ಗಾಡಿ ನಡೆಸುವಾಕೆ ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು. ನಾನು ಪಕ್ಕದಲ್ಲಿ, ತೊಡೆಯ ಮೇಲೆ ಮೇಡಮ್ ಕೊಟ್ಟ ಪಟ್ಟಿ. ಪಂಚಾಯತಿಯ ಮುಂದೆ ಮೈಕ್ ಹಿಡಿದು ‘ಗ್ರಾಮಸ್ಥರಲ್ಲಿ ವಿನಂತಿ’ ಎಂದೆ. ಚಹಾದಂಗಡಿಯ ಮುಂದೆ ಕೂತವರು ಹೋ ಎಂದು ನಕ್ಕರು. “ಯಾರದಲೇ ಇದು? ತಹಶೀಲ್ದಾರರದೇನ?” ಎಂದು ಒಬ್ಬ, “ಅಲ್ಲೋ, ರೇಡಿಯೋದಾಗಿನ ಹೆಣ್ಣಮಗಳದು,” ಎಂದು ಇನ್ನೊಬ್ಬ. ನನ್ನ ಸ್ವಂತ ದನಿಗೆ ಊರಲ್ಲಿ ಇದ್ದ ಕಿಮ್ಮತ್ತು ಅದು.

ಎರಡನೆಯ ಓಣಿಗೆ ಹೊರಳುವಾಗ ಕಾಕಾನ ದನಿ ತಾನಾಗಿ ಬಂತು. ಸಂಕಲ್ಪ ಹೇಳುವಾಗಿನ ಅವರ ರಾಗ ಇದೆಯಲ್ಲ, ಮಾತಿನ ತುದಿಯನ್ನು ಎಳೆದು ಮೂಗಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಬಿಡುವುದು. “ಮನಿ ನಂಬರ್ ಹನ್ನೊಂದೂ, ಐದು ವರ್ಷಾ, ಕೊಡ್ರಿ. ಮನಿ ನಂಬರ್ ಹದಿನಾಲ್ಕೂ, ಎರಡು ವರ್ಷಾ, ಕೊಡ್ರಿ.” ಬಾಗಿಲುಗಳು ತೆರೆದವು. ಯಾರೂ ನಗಲಿಲ್ಲ. ಹನ್ನೊಂದನೆಯ ನಂಬರಿನ ಎರಡಂತಸ್ತಿನ ಮನೆಯ ಸಾವ್ಕಾರರು ಮಾಳಿಗೆಯ ಮೇಲಿಂದ ಬಗ್ಗಿ ನೋಡಿ, ಮತ್ತೆ ಹಿಂದೆ ಸರಿದರು. ನನಗೆ ರಂಗು ಏರಿತು. ಓದುತ್ತ ಹೋದೆ. ರಾಗದಲ್ಲಿ ಓದುವವನ ಬಾಯಿ ಮುಂದೆ ಇರುತ್ತದೆ, ಬುದ್ಧಿ ಎರಡು ಸಾಲು ಹಿಂದಿನಿಂದ ಬರುತ್ತಿರುತ್ತದೆ.

“ಮನಿ ನಂಬರ್ ಐವತ್ತಾರೂ, ಒಂದು ವರ್ಷಾ, ಕೊಡ್ರಿ. ಮನಿ ನಂಬರ್ ಐವತ್ತೇಳೂ, ಒಂಬತ್ತು ವರ್ಷಾ, ಕೊಡ್ರಿ.”

ಗಾಡಿ ಗಕ್ಕನೆ ನಿಂತಿತು. ನಡೆಸುವಾಕೆ ನನ್ನನ್ನೂ, ಬಲಗಡೆಯ ಮನೆಯನ್ನೂ ನೋಡಿದಳು.

“ಐವತ್ತೇಳು ನಿಮ್ಮದ ಮನಿ ಅಲ್ರಿ?”

ಹೌದು. ಮೈಕ್ ಬಂದ್ ಆಗಿರಲಿಲ್ಲ. ಅವಳ ಪ್ರಶ್ನೆಯೂ ಊರಿಗೆ ಕೇಳಿತು.

ಒಳಗೆ ನಡೆದದ್ದನ್ನು ಆಮೇಲೆ ಕಾಕು ಹೇಳಿದಳು. ಅವಳು ಒಲೆಯ ಮುಂದಿದ್ದಳು. ಗಂಡನ ದನಿ ಓಣಿಯಲ್ಲಿ ಬರುತ್ತಿರುವುದು ಕೇಳಿ, ಹೊರಗೆ ಹೋದರೇನೋ ಎಂದು ಪಡಸಾಲೆಗೆ ಬಂದು ನೋಡಿದರೆ ಗಂಡ ಕುರ್ಚಿಯಲ್ಲಿದ್ದಾರೆ, ಕೊರಳಿಗೆ ಮಫ್ಲರ್, ಬಾಯಿ ಮುಚ್ಚಿದೆ. ಆ ಮುಚ್ಚಿದ ಬಾಯಿಯೇ ಓಣಿಯೊಳಗೆ ನಿಂತು ‘ಒಂಬತ್ತು ವರ್ಷಾ, ಕೊಡ್ರಿ’ ಎಂದಿತು. ಕಾಕು ಲೋಟ ಕೆಡವಿದಳು.

ನಾನು ಒಳಗೆ ಹೋದಾಗ ಕಾಕಾ ಎದ್ದು ನಿಂತಿದ್ದರು. ತುಟಿಗಳು ಭಯಂಕರವಾಗಿ ಆಡುತ್ತಿದ್ದವು. ಒಂದಕ್ಷರವೂ ಹೊರಗೆ ಬರುತ್ತಿರಲಿಲ್ಲ. ನೋಡಲಾಗದೆ, ಚಟದಿಂದ, ದನಿ ನಾನೇ ಕೊಟ್ಟುಬಿಟ್ಟೆ. “ಮಂಗ್ಯಾನ ಮಗನ, ಆಟ ಬ್ಯಾಡ ಅಂದಿದ್ದಿಲ್ಲ ನಾ? ಮನಿತನದ ಮಾನ ಕಸದ ಗಾಡ್ಯಾಗ ಹಾಕಿ ತಿರಗಸ್ತೀಯೇನು?” ತುಟಿಗೂ ಮಾತಿಗೂ ಬಹಳ ಸರಿಹೊಂದಿತು. ಕಾಕು ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಓಡಿದಳು. ಕಾಕಾ ಕೂತುಬಿಟ್ಟರು.

“ಕಾಕಾ,” ಎಂದೆ, ಈ ಸಲ ಯಾರ ದನಿಯೂ ಇಲ್ಲದೆ. “ಒಂಬತ್ತು ವರ್ಷ ನೀವ ಕಟ್ಟಿಲ್ಲೇನು?”

ಅವರು ಎದ್ದು ದೇವರಕೋಣೆಗೆ ಹೋಗಿ, ಪಂಚಾಂಗಗಳ ಹಿಂದಿನಿಂದ ಒಂದು ತಾಮ್ರದ ಡಬ್ಬಿ ತಂದರು. ಒಳಗೆ ಒಂಬತ್ತು ಕಾಗದದ ಪುಡಿಕೆ. ಪ್ರತಿಯೊಂದರ ಮೇಲೆ ಸಂವತ್ಸರದ ಹೆಸರು, ಒಂದು ಬೊಟ್ಟು ಕುಂಕುಮ. ಪ್ರತಿ ವರ್ಷದ ಪಟ್ಟಿ, ಪೈಸೆಗೆ ಪೈಸೆ.

“ಕಟ್ಟೂದಕ್ಕ ಏನ ಧಾಡಿ?” ಎಂದಳು ಕಾಕು, ನಗು ಮುಗಿಸಿ ಬಂದು. ಅವಳಿಗೂ ಈ ಡಬ್ಬಿ ಗೊತ್ತಿರಲಿಲ್ಲ.

ಕಾಕಾ ಗಾಳಿಯಲ್ಲಿ ಹೇಳಿದರು. ನಾವಿಬ್ಬರೂ ಕಿವಿ ಹತ್ತಿರ ಒಯ್ದೆವು. “ರಸೀದಿ ಬರಿಯಾಂವ ನಾನು. ಕೊಡೂ ಕೈ, ತಗೊಳ್ಳೂ ಕೈ ಒಂದ ಆಗಬಾರದು. ಎಡಗೈಲೆ ಕೊಟ್ಟು ಬಲಗೈಲೆ ಇಸಕೊಂಡ್ರ ಅದು ಕೊಟ್ಟಂಗ ಆಗೂದಿಲ್ಲ.”

“ಮೇಡಮ್‌ಗ ಹೇಳಿದ್ರ ಬರದ ಕೊಡತಿದ್ದರಲ್ಲ!”

ಕಾಕಾ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಹೇಳಿದ್ದು ಗಾಳಿಗಿಂತ ಸಣ್ಣಗಿತ್ತು. “ಕೇಳ್ಲಿಕ್ಕೆ ನಾಚಿಕಿ ಬಂತು.”

ನಾನು ಊರಿನ ಎಲ್ಲರ ದನಿ ತೆಗೆಯುತ್ತೇನೆ. ಇದನ್ನು ತೆಗೆಯಲು ಆಮೇಲೆ ಯಾವತ್ತೂ ಪ್ರಯತ್ನ ಮಾಡಲಿಲ್ಲ.

ಡಬ್ಬಿ ಹಿಡಿದು ಮೂವರೂ ಪಂಚಾಯತಿಗೆ ಹೋದಾಗ ಮೂರೂವರೆ ಆಗಿರಬೇಕು. ಅಲ್ಲಿ ಜನ ಸಾಲಾಗಿ ಪಾಳಿ ಹಚ್ಚಿದ್ದರು! ಮಂಗಳವಾರ ಧರ್ಮದಿಂದ ನಡೆದುಕೊಂಡ ಯಜಮಾನ, ಕಿಡಕಿಯ ಹೆಂಗಸು, ಇನ್ನೂ ಹತ್ತು ಹದಿನೈದು ಜನ. ದೀಪ ಹಚ್ಚುವುದರೊಳಗೆ ಕಟ್ಟಿ ಹೋಗಬೇಕು, ನಾಳೆ ಶುಕ್ರವಾರ ಎಂದು ಅವಸರ ಬೇರೆ. ಕಾಕಾನನ್ನು ನೋಡಿ ಎಲ್ಲರೂ ದಾರಿ ಬಿಟ್ಟರು. “ಆಚಾರ್ರು ಖರೆ ಮನಷ್ಯಾ,” ಎಂದು ಯಾರೋ ಅಂದರು. “ತಮ್ಮದೂ ಬಿಡಲಿಲ್ಲ ನೋಡ.” ಕಾಕಾ ಇಲ್ಲ ಇಲ್ಲವೆಂದು ಕೈ ಆಡಿಸಿದರು. ದನಿಯಿಲ್ಲದ ಮನುಷ್ಯನ ‘ಇಲ್ಲ’ವನ್ನು ಜನ ವಿನಯವೆಂದು ತಿಳಿದರು.

ಮೇಡಮ್ ಪುಡಿಕೆ ಬಿಚ್ಚಿ ಎಣಿಸಿದರು. ಎಲ್ಲಕ್ಕೂ ಹಳೆಯ ಪುಡಿಕೆಯಲ್ಲಿ ಒಂದು ಐದುನೂರರ ನೋಟು ಬಂತು, ಎಂದೋ ರದ್ದಾದದ್ದು.

“ಇದು ನಡೆಯಲ್ಲ ಆಚಾರ್ರೇ.”

ಕಾಕಾ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಿಂದ ಸಹಿ ತೋರಿಸಿದರು. ನಾನು ಅನುವಾದ ಮಾಡಿದೆ: “ಸರ್ಕಾರದ್ದ ನೋಟು, ಸರ್ಕಾರದ್ದ ಸಹಿ, ಸರ್ಕಾರಕ್ಕ ಕೊಡ್ಲಿಕ್ಕೆ ಹತ್ತೀವಿ. ಸರ್ಕಾರ ಒಲ್ಲೆ ಅಂದ್ರ ಹೆಂಗ ಅಂತ ಕೇಳತಾರ್ರೀ.”

“ಬೇಗ ಕೇಳಿದ್ರೆ ತಗೋತಿದ್ವಿ,” ಎಂದರು ಮೇಡಮ್. ಆ ಐದುನೂರನ್ನು ಕಾಕು ತನ್ನ ಗಂಟಿನಿಂದ ಬಿಚ್ಚಿ ಕೊಟ್ಟಳು. ಮಷೀನು ಕಿರ್ ಎಂದು ರಸೀದಿ ಉಗುಳಿತು. ಕಾಕಾ ಎರಡೂ ಕೈಯೊಡ್ಡಿ ತೆಗೆದುಕೊಂಡು, ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡರು.

ಪಾಳಿಯ ಕೊನೆಗೆ ಆಯಿ ಬಂದಳು. ಸೆರಗಿನ ಗಂಟು ಬಿಚ್ಚಿ, ಪೂರ್ತಿ ಲೆಕ್ಕ ಕೊಟ್ಟು, ಕಾಕಾನ ಕಡೆ ನೋಡದೆ ಮೇಡಮ್‌ಗೆ ಹೇಳಿದಳು: “ಆ ಭಿಕ್ಷುಕರದ ಐತೆಲ್ಲ, ಅದನ್ನ ಎರಡ ಸಲ ಹಿಡೀರಿ. ಒಂದು ನನ್ನ ಹೆಸರಿಲೆ, ಒಂದು ಆಚಾರ್ರ ಹೆಸರಿಲೆ. ನಿನ್ನೆ ಸ್ವಲ್ಪ ಜಾಸ್ತಿ ಮಾತಾಡೇನಿ.”

ಮಷೀನಿನಲ್ಲಿ ಎರಡು ಸಲ ಹಿಡಿಯಲು ಬರುವುದಿಲ್ಲ ಎಂದು ತಿಳಿಸುವಷ್ಟರಲ್ಲಿ ಮೇಡಮ್‌ಗೆ ಸಾಕಾಯಿತು.

ಶುಕ್ರವಾರ ಬೆಳಿಗ್ಗೆ ಮೇಡಮ್ ಎಲ್ಲ ಕೂಡಿಸಿದರು. ವಾಟರ್‌ಮನ್‌ನ ಎರಡು ತಿಂಗಳಿಗೆ ಸಾಕಾಗುತ್ತಿತ್ತು. ಮೂರನೆಯದಕ್ಕೆ ಇಷ್ಟೇ ಇಷ್ಟು ಕಡಿಮೆ. ಎರಡು ತಿಂಗಳದ್ದನ್ನು ಅಲ್ಲೇ ಅವನ ಖಾತೆಗೆ ಹಾಕಿದರು. ಮಧ್ಯಾಹ್ನ ಅವನು ಮೊಬೈಲು ಹಿಡಿದುಕೊಂಡೇ ಬಂದ. ಟೇಬಲ್ ಮೇಲಿನ ಚಾವಿಗೆ ಕೈ ಹಚ್ಚಲಿಲ್ಲ.

“ಮೂರು ಅಂದಿದ್ದೆ. ಎರಡು ಬಂದಾವ.”

“ಇನ್ನೂ ಬಾಕಿ ಇರೋದ್ರಲ್ಲಿ ಒಂದು ಮನೆಯದು ಸರಿಯಾಗಿ ಅಷ್ಟೇ ಇದೆ,” ಎಂದರು ಮೇಡಮ್. “ಅದು ಬಂದ್ರೆ ಮೂರನೇದೂ ಸರಿಯಾಗುತ್ತೆ.”

“ಯಾರದ್ರಿ ಆ ಮನಿ?”

ಪಟ್ಟಿ ನನ್ನ ಕೈಯಲ್ಲಿತ್ತು. ಕಾಕಾನ ದನಿಯಲ್ಲಿ ಹೇಳಲು ಬಾಯಿ ತೆರೆದು, ಬೇಡವೆನಿಸಿ ಮುಚ್ಚಿದೆ. ಮೇಡಮ್ ಹೇಳಿದರು. “ನಿಮ್ದೇ. ಎಂಬತ್ತೆರಡು.”

ಅವನು ಸ್ವಲ್ಪ ಹೊತ್ತು ಮೇಡಮ್‌ರನ್ನೂ ಮೊಬೈಲನ್ನೂ ನೋಡಿದ. “ತಡೀರಿ ತಡೀರಿ. ನೀವು ನನ್ನ ಪಗಾರ ಕೊಟ್ಟಿಲ್ಲಂತ ನಾ ಪಟ್ಟಿ ಕಟ್ಟಿಲ್ಲ. ನಾ ಪಟ್ಟಿ ಕಟ್ಟಿಲ್ಲಂತ ನೀವು ಪಗಾರ ಕೊಟ್ಟಿಲ್ಲ. ಈಗ ನನ್ನ ರೊಕ್ಕಾ ನನಗ ಕೊಡಾಕ ನಾ ರೊಕ್ಕಾ ಕೊಡಬೇಕ್ರಿ?”

“ಹೂಂ,” ಎಂದರು ಮೇಡಮ್. ಕ್ಲಾಸಿನ ಮಾಸ್ತರರು ಒಂದು ತಿಂಗಳು ಬರೆಸಿದ್ದನ್ನು ಇಬ್ಬರೂ ಸೇರಿ ಅರ್ಧ ನಿಮಿಷದಲ್ಲಿ ಮುಗಿಸಿದರು.

“ಅದರಾಗ ಇದನ್ನ ಮುರಕೊಂಡು ಕೊಡ್ರಿ.”

“ಆಗಲ್ಲಪ್ಪ. ಅದು ಬೇರೆ ಖಾತೆ, ಇದು ಬೇರೆ.”

ಅವನು ಮೊಬೈಲನ್ನು ಕಿಸೆಗೆ ಹಾಕಿದ. ಮುಖದ ಮೇಲೆ ಒಂದು ಶಾಂತಿ ಬಂತು. ಆ ಶಾಂತಿಯನ್ನು ಮಂಗಳವಾರ ಇಡೀ ಊರಿನ ಮುಖದ ಮೇಲೆ ನೋಡಿದ್ದೆ. “ಇವತ್ತ ಶುಕ್ರವಾರ ಐತಿ. ಲಕ್ಷ್ಮಿ ಹೊಸ್ತಿಲಾ ದಾಟಬಾರದು. ಹೌದಲ್ರಿ ಆಚಾರ್ರ?”

ಕಾಕಾನ ಗಂಟಲು ಬೆಳಿಗ್ಗೆಯಷ್ಟೇ ಸ್ವಲ್ಪ ತೆರೆದಿತ್ತು. ಎಲ್ಲರೂ ಅವರತ್ತ ನೋಡಿದೆವು. ಸಂಜೆಗೆ ಮೂರೇ ತಾಸು. ಇಪ್ಪತ್ತು ವರ್ಷ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಶಾಸ್ತ್ರ ಹೋಗುತ್ತದೆ. ಇಟ್ಟುಕೊಂಡರೆ ಊರಿನ ನೀರು ಹೋಗುತ್ತದೆ. ಕಾಕಾ ಕೆಮ್ಮಿದರು. ಚಷ್ಮಾ ಒರೆಸಿದರು. ಗೋಡೆಯ ಕಡೆ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ.

“ನಿನ್ನ ಪಗಾರ ಈಗ ಎಲ್ಲೆದ?” ಎಂದು ಕೇಳಿದರು.

“ಮೊಬೈಲದಾಗ ಐತ್ರಿ.”

“ಮೊಬೈಲದಾಗ ಬರೇ ಅಂಕಿ ಅದ. ರೊಕ್ಕ ಎಲ್ಲೆದ?”

“ಬೈಲಹೊಂಗಲದ ಬ್ಯಾಂಕಿನ್ಯಾಗ.”

“ಅಂದ್ರ ಲಕ್ಷ್ಮಿ ನಿನ್ನ ಮನಿಗೆ ಇನ್ನೂ ಬಂದೇ ಇಲ್ಲ. ಬರದ ಇದ್ದಾಕಿ ಹೊಸ್ತಿಲಾ ದಾಟಿ ಹೊರಗ ಹೋಗೂದು ಹೆಂಗೋ?”

ವಾಟರ್‌ಮನ್ ಶಾಸ್ತ್ರದೊಳಗೆ ಎಲ್ಲಾದರೂ ಸಂದು ಸಿಗುವುದೋ ಎಂದು ಹುಡುಕುತ್ತಿದ್ದಂತೆ ಕಂಡ. ಸಿಗಲಿಲ್ಲ.

“ಕೊಡು,” ಎಂದರು ಕಾಕಾ.

ಜೀವಮಾನದಲ್ಲಿ ಮೊದಲ ಸಲ, ಸ್ವಂತ ಬಾಯಿಂದ. ಅವನು ಮಷೀನಿನ ಮೇಲಿನ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದ. ಮಷೀನು ಕಿರ್ ಎಂದಿತು. ಮೇಡಮ್ ಕಂಪ್ಯೂಟರಿನಲ್ಲಿ ಒತ್ತುವುದನ್ನು ಒತ್ತಿದರು. ಸ್ವಲ್ಪ ಹೊತ್ತಿಗೆ ಅವನ ಮೊಬೈಲು ಮೂರನೆಯ ತಿಂಗಳಿನದನ್ನು ಹೇಳಿ ಟಿಂಗ್ ಎಂದಿತು.

ಕಾಕಾನಿಗೆ ಇನ್ನೊಂದು ಭಾರ ಉಳಿದಿತ್ತು. “ನೋಡಪಾ, ನಿನ್ನೆ ಮೈಕಿನ್ಯಾಗ ನಾ ಓದಲಿಲ್ಲ. ಈ ಮಂಗ್ಯಾ…”

“ಗೊತ್ತೈತ್ರಿ,” ಎಂದ ಅವನು, ಚಾವಿ ಎತ್ತಿಕೊಳ್ಳುತ್ತ. “ಊರಿಗೆಲ್ಲಾ ಗೊತ್ತೈತಿ. ನಿಮ್ಮ ಬಾಯಾಗ ‘ಕೊಡ್ರಿ’ ಅನ್ನೂ ಶಬ್ದ ಎಂದಾದ್ರೂ ಕೇಳೀವೇನ್ರಿ ನಾವು? ಮೊದಲನೇ ನಂಬರ್‌ಗೇ ಹುಡುಗಂದು ಅಂತ ತಿಳೀತು.”

“ಮತ್ತ ಯಾಕ ಕಟ್ಟಿದ್ರಿ ಎಲ್ಲಾರೂ?” ಎಂದೆ. ನನ್ನ ಕಲೆಯ ಮಾತು, ನನಗೆ ಸುಮ್ಮನಿರಲು ಆಗಲಿಲ್ಲ.

“ಮಷ್ಕಿರಿ ಮಾಡಾಂವ ತನ್ನ ಮನಿ ನಂಬರ್ ಬಿಡದ ಓದಿದ್ನಲ್ಲ. ಆತು, ಇಂವಾ ಈ ಸಲ ಖರೇನ ಹೇಳಾಕ ಹತ್ಯಾನ ಅಂದ್ರು ಮಂದಿ.” ಚಾವಿಯನ್ನು ಹೆಗಲಿಗೇರಿಸಿ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ. “ಭಾಳ ಧೈರ್ಯದ ಮಗಾ.”

ಅದು ಧೈರ್ಯವಲ್ಲ, ನೋಡದೆ ಓದಿದ್ದು ಎಂದು ಆಗ ನಾನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಅವನು ಹೋಗಿ ಪಂಚಾಯತಿಯ ಎದುರಿನ ವಾಲ್ವಿಗೆ ಚಾವಿ ಇಳಿಸಿದ. ಬಲಕ್ಕೆ ಅರ್ಧ, ಎಡಕ್ಕೆ ಮೂರು ಸುತ್ತು. ಓಣಿಯ ನಳಗಳು ಮೊದಲು ಸೀನಿದವು, ಆಮೇಲೆ ಸುರಿದವು. ಕೊಡ ತಿಕ್ಕುವ ಸದ್ದು, ಪಾಳಿಯ ಜಗಳ, ಎಲ್ಲ ಒಟ್ಟಿಗೆ ಶುರುವಾಯಿತು. ಅದೇ ಹೊತ್ತಿಗೆ ಹನ್ನೊಂದನೆಯ ನಂಬರಿನ ಸಾವ್ಕಾರರು, ಇನ್ನೂ ಕಟ್ಟದವರು, ಸ್ಕೂಟರಿನ ಮೇಲೆ ಮೆಲ್ಲಗೆ ದಾಟಿ ಹೋಗುತ್ತಿದ್ದರು. ಕಾಕಾ ಪಂಚಾಯತಿಯ ಮೆಟ್ಟಿಲಿಗೆ ಬಂದು ನಿಂತು, ಮೂಗಿನಲ್ಲಿ ದನಿ ಎಳೆದು, ಕೂಗಿದರು.

“ಮನಿ ನಂಬರ್ ಹನ್ನೊಂದೂ! ಐದು ವರ್ಷಾ! ಕೊಡ್ರಿ!”

ನಾನು ಕೇಳಿ ದಂಗಾದೆ. ಅದು ಕಾಕಾನ ದನಿಯಲ್ಲ. ನಾನು ತೆಗೆಯುವ ಕಾಕಾನ ದನಿ. ರಾಗ ಅಷ್ಟು ಸರಿಯಾಗಿ ಕೂತಿರಲಿಲ್ಲ, ‘ಹನ್ನೊಂದೂ’ ಸ್ವಲ್ಪ ಒಡೆಯಿತು, ನಾನೇ ಇನ್ನೂ ಚಲೋ ತೆಗೆಯುತ್ತೇನೆ. ಆದರೂ ಸ್ಕೂಟರ್ ನಿಂತಿತು.

“ಆಚಾರ್ರ, ಇವತ್ತ ಶುಕ್ರವಾರಲ್ರೀ?” ಎಂದರು ಸಾವ್ಕಾರರು, ನಕ್ಕು.

ಕಾಕಾ ಮಷೀನು ಹಿಡಿದು ಮೆಟ್ಟಿಲಿಳಿದರು. “ಮೊಬೈಲ ತಗೀರಿ.”